ರಕ್ತದಾನದಲ್ಲಿ ಅಣ್ಣನಿಗೆ ಹೆಪಟೈಟಿಸ್ ಬಿ ಇರುವುದು ತಿಳಿಯಿತು: ಕಟಿಂಗ್ ಅಂಗಡಿಯ ಬ್ಲೇಡಿನಿಂದ ಬಂದಿರಬಹುದೇ?

ಶಹಾಪುರದ ಮಾಸ್ತರ (ಪ್ರಶ್ನೆ):

ಎಲ್ಲರಿಗೂ ಶರಣು. ನಾನು ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನವನು, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಕಳೆದ ತಿಂಗಳು ನಮ್ಮ ಊರಿನಲ್ಲಿ ನಡೆದ ಶಿಬಿರದಲ್ಲಿ ನನ್ನ ಅಣ್ಣ ರಕ್ತ ಕೊಟ್ಟರು. ಹತ್ತು ದಿನಗಳ ನಂತರ ರಕ್ತನಿಧಿಯವರು ಕರೆ ಮಾಡಿ, ಎಚ್‌ಬಿಎಸ್‌ಎಜಿ ಪರೀಕ್ಷೆಯಲ್ಲಿ (ಯಕೃತ್ತಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ಸನ್ನು ಗುರುತಿಸುವ ರಕ್ತಪರೀಕ್ಷೆ) ಸೋಂಕು ಕಂಡುಬಂದಿದೆ, ಬಂದು ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ ಎಂದರು. ಎರಡನೆಯ ಪರೀಕ್ಷೆಯಲ್ಲಿಯೂ ಅದೇ ಫಲಿತಾಂಶ ಬಂದಿತು. ಅಣ್ಣನಿಗೆ 41 ವರ್ಷ. ಅವರಿಗೆ ಕುಡಿತವಿಲ್ಲ, ಎಂದೂ ರಕ್ತ ಹಾಕಿಸಿಕೊಂಡಿಲ್ಲ, ಶಸ್ತ್ರಚಿಕಿತ್ಸೆಯೂ ಆಗಿಲ್ಲ. ಇವತ್ತಿಗೂ ಹೊಲದಲ್ಲಿ ನನಗಿಂತ ಹೆಚ್ಚು ಕೆಲಸ ಮಾಡುತ್ತಾರೆ.

ಇಷ್ಟು ವರ್ಷ ಅವರು ದಾಡಿ ಮಾಡಿಸಿಕೊಂಡದ್ದು ನಮ್ಮ ಓಣಿಯ ಒಂದೇ ಅಂಗಡಿಯಲ್ಲಿ. ಆದ್ದರಿಂದ ಮನೆಯವರೆಲ್ಲರ ಅನುಮಾನ ಆ ಅಂಗಡಿಯ ಮೇಲೆಯೇ ಹೋಗಿದೆ. ಸಿಟ್ಟಿನಲ್ಲಿ ನಾನೂ ಒಂದು ದಿನ ಹೋಗಿ ಅವರೊಂದಿಗೆ ಗಟ್ಟಿಯಾಗಿ ಮಾತನಾಡಿ ಬಂದೆ. ಈಗ ಓಣಿಯವರು ಕೆಲವರು ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಮನೆಯಲ್ಲಿ ಅವ್ವ ಅಣ್ಣನ ತಾಟು, ಲೋಟಗಳನ್ನು ಬೇರೆ ಇಟ್ಟಿದ್ದಾಳೆ. ಕ್ಷೌರದಿಂದ ಈ ರೋಗ ನಿಜವಾಗಿ ಹರಡುತ್ತದೆಯೇ, ಎಚ್‌ಐವಿ ಕೂಡ ಹಾಗೆ ಬರುತ್ತದೆಯೇ, ಅಂಗಡಿಯವರಿಗೆ ನಾವು ಏನನ್ನು ಕೇಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಪ್ರಯೋಗಾಲಯದವಳು, ಕಲಬುರಗಿ:

ಸರ್, ಮೊದಲು ನಿಮ್ಮ ಅವ್ವನವರಿಗೆ ಹೇಳಿ ತಾಟು, ಲೋಟಗಳನ್ನು ಒಂದೇ ಕಡೆ ಇಡಿಸಿರಿ. ಹೆಪಟೈಟಿಸ್ ಬಿ ಒಟ್ಟಿಗೆ ಉಣ್ಣುವುದರಿಂದ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದ, ಕೆಮ್ಮು ಸೀನುಗಳಿಂದ ಬರುವುದಿಲ್ಲ. ರಕ್ತದಿಂದ, ಲೈಂಗಿಕ ಸಂಪರ್ಕದಿಂದ ಮತ್ತು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ಬರುತ್ತದೆ. ಮನೆಯಲ್ಲಿ ಬೇರೆ ಇಡಬೇಕಾದದ್ದು ರೇಜರ್, ಹಲ್ಲುಜ್ಜುವ ಬ್ರಷ್ ಮತ್ತು ಉಗುರು ಕತ್ತರಿ. ಅಣ್ಣತಮ್ಮಂದಿರು ಬಚ್ಚಲಿನಲ್ಲಿರುವ ಒಂದೇ ರೇಜರನ್ನು ಹಂಚಿಕೊಳ್ಳುವುದು ನಮ್ಮ ಕಡೆ ತೀರ ಸಾಮಾನ್ಯವಾದುದರಿಂದ, ಅಂಗಡಿಯವರನ್ನು ಬಯ್ಯುವ ಮೊದಲು ನಿಮ್ಮ ಬಚ್ಚಲಿನ ಗೂಡನ್ನೂ ಒಮ್ಮೆ ನೋಡಿರಿ.

ಕ್ಷೌರದಿಂದ ಹರಡುತ್ತದೆಯೇ ಎಂದರೆ ಹರಡುತ್ತದೆ. ಈ ವೈರಸ್ಸಿನ ವಿಶೇಷವೆಂದರೆ ಒಣಗಿದ ರಕ್ತದಲ್ಲಿಯೂ ಕನಿಷ್ಠ 7 ದಿನ ಸಾಯದೆ ಉಳಿಯುತ್ತದೆ, ಮತ್ತು ಕಣ್ಣಿಗೆ ಕಾಣಿಸದಷ್ಟು ರಕ್ತದಲ್ಲಿಯೂ ರೋಗ ತರಿಸುವಷ್ಟು ಪ್ರಮಾಣದಲ್ಲಿ ಇರುತ್ತದೆ. ಆಸ್ಪತ್ರೆಗಳಲ್ಲಿ ರೋಗಿಗೆ ಬಳಸಿದ ಸೂಜಿ ಸಿಬ್ಬಂದಿಗೆ ಚುಚ್ಚಿದ ಪ್ರಕರಣಗಳಿಂದ ದೊರೆತ ಒಂದು ಸ್ಥೂಲ ಲೆಕ್ಕವಿದೆ: ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಹೆಚ್ಚೆಂದರೆ ನೂರಕ್ಕೆ 30, ಯಕೃತ್ತಿಗೇ ತಗಲುವ ಇನ್ನೊಂದು ವೈರಸ್ಸಾದ ಹೆಪಟೈಟಿಸ್ ಸಿ ನೂರಕ್ಕೆ ಸುಮಾರು 2 ಅಥವಾ ಅದಕ್ಕಿಂತ ಕಡಿಮೆ, ಎಚ್‌ಐವಿ ನೂರಕ್ಕೆ 0.3. ಸೂಜಿಯ ಒಳಗೆ ರಕ್ತ ತುಂಬಿಕೊಂಡಿರುತ್ತದೆ, ಬ್ಲೇಡಿನ ಅಂಚಿನಲ್ಲಿ ಅಷ್ಟು ಇರುವುದಿಲ್ಲ; ಆದ್ದರಿಂದ ಕ್ಷೌರದ ಅಪಾಯ ಇದಕ್ಕಿಂತ ಕಡಿಮೆ. ಆದರೆ ಮೂರರ ನಡುವಿನ ಅಂತರ ಹೆಚ್ಚುಕಡಿಮೆ ಹೀಗೆಯೇ ಇರುತ್ತದೆ. ಜನರು ಕಟಿಂಗ್ ಅಂಗಡಿಯಲ್ಲಿ ಎಚ್‌ಐವಿಗೆ ಹೆದರುತ್ತಾರೆ. ನಿಜವಾಗಿ ಹೆದರಬೇಕಾದದ್ದು ಹೆಪಟೈಟಿಸ್ಸಿಗೆ. ಪಾಕಿಸ್ತಾನದಲ್ಲಿಯೂ ಇಟಲಿಯಲ್ಲಿಯೂ ನಡೆದ ಅಧ್ಯಯನಗಳಲ್ಲಿ ಕ್ಷೌರದ ಅಂಗಡಿಯ ದಾಡಿಗೂ ಈ ಸೋಂಕುಗಳಿಗೂ ನಂಟು ಕಂಡುಬಂದಿದೆ.

ಇಷ್ಟು ಹೇಳಿದ ಮೇಲೆ, ನಿಮ್ಮ ಅಣ್ಣನವರ ವಿಷಯದಲ್ಲಿ ನನ್ನ ಅನುಮಾನ ಬೇರೆಯೇ ಇದೆ. ದೊಡ್ಡವರಾದ ಮೇಲೆ ಈ ಸೋಂಕು ತಗಲಿದರೆ ನೂರರಲ್ಲಿ 95 ಮಂದಿಯ ದೇಹ ಆರು ತಿಂಗಳೊಳಗೆ ಅದನ್ನು ತಾನೇ ಹೊರಹಾಕುತ್ತದೆ. ಹುಟ್ಟುವಾಗ ಅಥವಾ ಮೊದಲ ವರ್ಷದಲ್ಲಿ ತಗಲಿದ ಮಕ್ಕಳಲ್ಲಿ ನೂರಕ್ಕೆ 90 ಮಂದಿಯಲ್ಲಿ ಅದು ಜೀವನವಿಡೀ ಉಳಿದುಬಿಡುತ್ತದೆ. ಕಾಮಣಿಯಾದ ನೆನಪೇ ಇಲ್ಲದ, ಗಟ್ಟಿಮುಟ್ಟಾಗಿರುವ 41 ವರ್ಷದವರ ರಕ್ತದಲ್ಲಿ ಇದು ಆಕಸ್ಮಿಕವಾಗಿ ಕಂಡಿತೆಂದರೆ, ಕಳೆದ ವರ್ಷದ ದಾಡಿಗಿಂತ ನಾಲ್ಕು ದಶಕಗಳ ಹಿಂದಿನ ತೊಟ್ಟಿಲಿನ ಕಾಲದಲ್ಲಿಯೇ ಬಂದಿರುವ ಸಾಧ್ಯತೆ ಹೆಚ್ಚು. ಹಾಗಾಗಿ ನಿಮ್ಮ ಅವ್ವನವರಿಗೆ, ಒಡಹುಟ್ಟಿದವರೆಲ್ಲರಿಗೆ, ವೈನಿಯವರಿಗೆ ಮತ್ತು ಮಕ್ಕಳಿಗೆ ಪರೀಕ್ಷೆ ಮಾಡಿಸಿರಿ. ಸೋಂಕಿಲ್ಲದವರು ಈಗ, ಒಂದು ತಿಂಗಳಿಗೆ ಮತ್ತು ಆರನೆಯ ತಿಂಗಳಿಗೆ ಹೀಗೆ ಮೂರು ಡೋಸ್ ಲಸಿಕೆ ಹಾಕಿಸಿಕೊಳ್ಳಬೇಕು. ಅಣ್ಣನವರಿಗೆ ಯಕೃತ್ತಿನ ಪರೀಕ್ಷೆ ಮತ್ತು ರಕ್ತದಲ್ಲಿರುವ ವೈರಸ್ಸಿನ ಪ್ರಮಾಣದ ಪರೀಕ್ಷೆ ಆಗಬೇಕು. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಬೇಕಾದವರಿಗೆ 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಉಚಿತವಾಗಿ ಸಿಗುತ್ತದೆ. ಯಾದಗಿರಿಯ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಕಾಮಣಿಗೆಂದು ಬೇರು, ಸೊಪ್ಪು ಕೊಡುವವರ ಬಳಿಗೆ ಮಾತ್ರ ಹೋಗಬೇಡಿರಿ.

ಸೇಡಂ ಹಿರಿಯ:

ಇಷ್ಟೊಂದು ಹೆದರಿಸುವುದು ನನಗೆ ಸರಿಕಾಣುವುದಿಲ್ಲ. ನಮ್ಮ ಅಜ್ಜ, ಅಪ್ಪ ಎಲ್ಲರೂ ಗಿಡದ ಕೆಳಗೆ ಕುಳಿತು ಒಂದೇ ಕತ್ತಿಯಿಂದ ದಾಡಿ ಮಾಡಿಸಿಕೊಂಡವರು. ಅಜ್ಜ 90 ದಾಟಿ ಬಾಳಿದ. ದಾಡಿಯಾದ ಮೇಲೆ ಫಟಕರಿ ಉಜ್ಜಿದರೆ ಯಾವ ಕ್ರಿಮಿಯೂ ಉಳಿಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಬಡವರ ಅಂಗಡಿಗಳಿಂದ ಜನರನ್ನು ಬಿಡಿಸಿ ಎಸಿ ಸಲೂನಿಗೆ ಕಳಿಸುವ ಮಾತು ಇದಾಗಬಾರದು.

ಪ್ರಯೋಗಾಲಯದವಳು, ಕಲಬುರಗಿ:

ಹಿರಿಯರೇ, ನಿಮ್ಮ ಕೊನೆಯ ಮಾತನ್ನು ಒಪ್ಪುತ್ತೇನೆ. ಎಸಿಗೂ ಸ್ವಚ್ಛತೆಗೂ ಸಂಬಂಧವಿಲ್ಲ. ಆದರೆ ಫಟಕರಿಯ ಕೆಲಸ ರಕ್ತ ನಿಲ್ಲಿಸುವುದಷ್ಟೇ, ವೈರಸ್ ಕೊಲ್ಲುವುದಲ್ಲ. ಒಬ್ಬರ ಗಾಯಕ್ಕೆ ಉಜ್ಜಿದ ಹರಳನ್ನೇ ಮುಂದಿನವರ ಗಾಯಕ್ಕೂ ಉಜ್ಜಿದರೆ ಅದೇ ಸೋಂಕಿನ ದಾರಿಯಾಗುತ್ತದೆ. ನಿಮ್ಮ ಅಜ್ಜನವರು ನೂರು ವರ್ಷ ಬಾಳಿದ್ದರೂ ಸಂತೋಷವೇ. ಆದರೆ ಅದೇ ಕತ್ತಿಗೆ ಮುಖ ಕೊಟ್ಟ ಉಳಿದವರಲ್ಲಿ ಯಾರು 50ಕ್ಕೆ ಹೊಟ್ಟೆಯಲ್ಲಿ ನೀರು ತುಂಬಿ ತೀರಿಕೊಂಡರು ಎಂದು ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಈ ರೋಗ 20, 30 ವರ್ಷ ಸುಮ್ಮನಿದ್ದು ಆಮೇಲೆ ಯಕೃತ್ತನ್ನು ಹಿಡಿಯುವುದರಿಂದ, ಕತ್ತಿಗೂ ಸಾವಿಗೂ ಗಂಟು ಹಾಕುವುದು ಆ ಕಾಲದಲ್ಲಿ ಸಾಧ್ಯವೂ ಇರಲಿಲ್ಲ. ಈ ವೈರಸ್ಸಿನ ಗುರುತು ವಿಜ್ಞಾನಿಗಳಿಗೇ ಸಿಕ್ಕದ್ದು 1960ರ ದಶಕದಲ್ಲಿ. ಹೆಪಟೈಟಿಸ್ ಸಿ ಪತ್ತೆಯಾದದ್ದಂತೂ 1989ರಲ್ಲಿ.

ಹಡಪದ ಕಾಯಕದವನು, ಕಲಬುರಗಿ:

ಶರಣು ಶರಣಾರ್ಥಿ. ಕಲ್ಯಾಣದ ಹಡಪದ ಅಪ್ಪಣ್ಣನವರ ಹೆಸರು ಹೇಳಿಕೊಂಡು ಬದುಕುವ ಮನೆತನದವನು ನಾನು. ಶಹಾಬಜಾರ್ ಕಡೆ 22 ವರ್ಷದಿಂದ ಅಂಗಡಿ ಇಟ್ಟಿದ್ದೇನೆ. ಸೇಡಂನ ಹಿರಿಯರು ಹೇಳಿದ ಗಿಡದ ಕೆಳಗಿನ ಕ್ಷೌರ ನನ್ನ ಅಪ್ಪನೇ ಮಾಡುತ್ತಿದ್ದದ್ದು. ಇಡೀ ಊರಿಗೆ ಒಂದೇ ಕತ್ತಿ. ಅದನ್ನು ಸಾಣೆಕಲ್ಲಿಗೆ ತೀಡಿ, ಚರ್ಮದ ಪಟ್ಟಿಗೆ ಎಳೆದು, ಒಂದು ಬಟ್ಟಲು ನೀರಿನಲ್ಲಿ ಅದ್ದಿದರೆ ಮುಗಿಯಿತು. ಕೂಲಿ ಎಂದರೆ ರಾಶಿಯ ಕಾಲಕ್ಕೆ ಮನೆಗಿಷ್ಟು ಜೋಳ. ವರ್ಷಕ್ಕೊಮ್ಮೆ ಜೋಳ ಕೊಡುವವರಿಗೆ ಪ್ರತಿ ಸಲ ಹೊಸ ಅಲಗು ಎಲ್ಲಿಂದ ತರಬೇಕಿತ್ತು?

ಮಾಸ್ತರರು ಏನು ಕೇಳಬೇಕು ಎಂದಿದ್ದಾರೆ. ಹೊಸ ಬ್ಲೇಡ್ ಹಾಕು ಎಂದು ಈಗ ಎಲ್ಲರೂ ಕೇಳುತ್ತಾರೆ, ನಾವೂ ಹಾಕುತ್ತೇವೆ. ಆದರೆ ಗಿರಾಕಿಗಳ ಕಣ್ಣು ಬೀಳದ ಜಾಗಗಳು ಬೇರೆ ಇವೆ, ಅವನ್ನು ನಮ್ಮವರೇ ಹೇಳದಿದ್ದರೆ ಯಾರು ಹೇಳಬೇಕು?

ಒಂದು, ದಾಡಿಗೆ ಹೊಸ ಬ್ಲೇಡ್ ಕೇಳುವವರು ಕಟಿಂಗ್ ಮುಗಿದ ಮೇಲೆ ಕುತ್ತಿಗೆಯ ಹಿಂದೆ ಮತ್ತು ಕಿವಿಯ ಸುತ್ತ ಗೆರೆ ಹೊಡೆಯುವಾಗ ಸುಮ್ಮನೆ ತಲೆ ಬಗ್ಗಿಸಿರುತ್ತಾರೆ. ಕಣ್ಣಿಗೆ ಕಾಣುವ ಜಾಗವಲ್ಲ, ಎರಡು ನಿಮಿಷದ ಕೆಲಸ. ಹಿಂದಿನವರ ಬ್ಲೇಡೇ ಅಲ್ಲಿ ಓಡುವುದು ಹೆಚ್ಚು. ಬೇಸಿಗೆಯಲ್ಲಿ ಬೆವರುಸಾಲೆ ಎದ್ದ ಕುತ್ತಿಗೆಯಲ್ಲಿ ರಕ್ತ ಬರದೆ ಗೆರೆ ಹೊಡೆಯುವುದು ಕಷ್ಟ.

ಇನ್ನೊಂದು, ಬ್ಲೇಡ್ ಬದಲಾದರೂ ಅದನ್ನು ಕಚ್ಚಿ ಹಿಡಿಯುವ ಹಿಡಿಕೆ ಬದಲಾಗುವುದಿಲ್ಲ. ಅದರ ಸಂದಿನಲ್ಲಿ ನೊರೆ, ಕೂದಲು, ರಕ್ತ ಎಲ್ಲವೂ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಹೊಸ ಬ್ಲೇಡನ್ನು ಅಲ್ಲಿಯೇ ಸಿಕ್ಕಿಸುತ್ತೇವೆ. ಈ ಮಾತು ನನಗೂ ತಿಳಿದದ್ದು ಐದಾರು ವರ್ಷಗಳ ಹಿಂದೆ. ಅಲ್ಲಿಯವರೆಗೆ ಬ್ಲೇಡ್ ಬದಲಿಸಿದರೆ ಸಾಕೆಂದೇ ನಾನು ನಂಬಿದ್ದೆ. ಈಗ ನಾಲ್ಕು ಹಿಡಿಕೆ ಇಟ್ಟುಕೊಂಡಿದ್ದೇನೆ, ಒಂದು ಕೆಲಸದಲ್ಲಿದ್ದರೆ ಉಳಿದವು ಮದ್ದಿನ ನೀರಿನಲ್ಲಿ ಇರುತ್ತವೆ. ಫಟಕರಿಯ ಹರಳನ್ನು ಬಿಟ್ಟು ಪುಡಿಯನ್ನು ಹತ್ತಿಯಲ್ಲಿ ಒತ್ತಿ ಹತ್ತಿಯನ್ನು ಎಸೆಯುತ್ತೇನೆ.

ಅರ್ಧ ಬ್ಲೇಡಿನ ಬಗ್ಗೆ ಜಗಳ ಮಾಡುವವರಿಗೂ ಒಂದು ಮಾತು. ಬ್ಲೇಡನ್ನು ಕಾಗದದೊಳಗೇ ಇಟ್ಟು ನಡುವೆ ಮುರಿದು ಒಂದು ತುಂಡನ್ನು ಒಬ್ಬರಿಗೆ, ಇನ್ನೊಂದನ್ನು ಮುಂದಿನವರಿಗೆ ಹಾಕುವುದು ಮೋಸವಲ್ಲ. ಹಿಡಿಕೆಯೇ ಅರ್ಧ ಬ್ಲೇಡಿನ ಅಳತೆಯದು. ತುಂಡು ಕಾಗದದಿಂದ ಹೊರಬರುವುದನ್ನು ನೋಡಿ ಸಾಕು. ಕೈಯಲ್ಲಿ ಮೊದಲೇ ಸಿಕ್ಕಿಸಿಕೊಂಡು ನಿಂತಿದ್ದರೆ ಮಾತ್ರ ಕೇಳಿ.

ಇನ್ನು ನಮ್ಮ ಕಷ್ಟ. ದಿನಕ್ಕೆ ಮೂವತ್ತು ನಲವತ್ತು ಮುಖ ಮುಟ್ಟುವ ನನ್ನ ಬೆರಳುಗಳ ಮೇಲೆ ಎಷ್ಟು ಗೀರುಗಳಿವೆ ಎಂದು ಯಾವ ಗಿರಾಕಿಯೂ ನೋಡುವುದಿಲ್ಲ. ನಮಗೆ ಗಿರಾಕಿಯಿಂದ ಬಂದರೆ? ಭಾನುವಾರ ಹತ್ತು ಜನ ಕುಳಿತಿರುವಾಗ ಹಿಡಿಕೆ ತೊಳೆಯಲು ಐದು ನಿಮಿಷ ತೆಗೆದುಕೊಂಡರೆ, ಅದೇ ಇರಲಿ ಬಿಡಪ್ಪ, ಬೇಗ ಮುಗಿಸು ಎನ್ನುವವರೂ ಗಿರಾಕಿಗಳೇ.

ನಿವೃತ್ತ ಆರೋಗ್ಯ ನಿರೀಕ್ಷಕ, ಬೀದರ್:

ಹಡಪದ ಅಣ್ಣನವರ ಬರಹ ಓದಿ ನನಗೆ ನಾಚಿಕೆಯೂ ಆಯಿತು. ನಾನು ಸೇವೆಯಲ್ಲಿದ್ದಾಗ ಕ್ಷೌರದ ಅಂಗಡಿಗಳಿಗೆ ಭೇಟಿ ಕೊಟ್ಟದ್ದು ಹೆಚ್ಚಾಗಿ ಪರವಾನಗಿ ಕಾಗದ ನೋಡುವುದಕ್ಕೆ. ಗೋಡೆಗೆ ಸುಣ್ಣ ಬಳಿದಿದೆಯೇ, ನೆಲ ಗುಡಿಸಿದೆಯೇ ಎಂದು ಬರೆದುಕೊಂಡು ಬರುತ್ತಿದ್ದೆ. ಹಿಡಿಕೆಯ ಸಂದನ್ನು ಬಿಚ್ಚಿ ನೋಡಿದ ನೆನಪಿಲ್ಲ. ಆಗ ಹೇಳಬೇಕಿದ್ದದ್ದನ್ನು ಈಗ ಬರೆಯುತ್ತೇನೆ.

ಅಂಗಡಿಗಳಲ್ಲಿ ಬಿಳಿ ಬಣ್ಣಕ್ಕೆ ತಿರುಗಿದ ಡೆಟಾಲ್ ನೀರಿನ ಬಟ್ಟಲೊಂದು ಬೆಳಗಿನಿಂದ ಸಂಜೆಯವರೆಗೆ ಇರುತ್ತದೆ. ಬಾಚಣಿಗೆ, ಕತ್ತರಿ, ಹಿಡಿಕೆ ಎಲ್ಲವೂ ಅದರಲ್ಲಿ ಮುಳುಗಿ ಏಳುತ್ತವೆ. ಹೆಪಟೈಟಿಸ್ ಬಿ ವೈರಸ್ಸಿನ ಮಟ್ಟಿಗೆ ಅದು ಸಮಾಧಾನದ ನೀರು ಅಷ್ಟೇ. ಫಿನಾಯಿಲ್ ಕೂಡ ನೆಲಕ್ಕೆ ಸರಿ, ಇದಕ್ಕಲ್ಲ. ಕೆಲಸಕ್ಕೆ ಬರುವುದು ಬ್ಲೀಚಿಂಗ್ ಪುಡಿ. ಶೇಕಡಾ 30ರಷ್ಟು ಕ್ಲೋರಿನ್ ಇರುವ ತಾಜಾ ಪುಡಿಯನ್ನು ಒಂದು ಲೀಟರ್ ನೀರಿಗೆ ಸುಮಾರು 16 ಗ್ರಾಂ ಹಾಕಿ ಕಲಸಿ, ತಿಳಿಯನ್ನು ಬಸಿದುಕೊಂಡರೆ ಶೇಕಡಾ 0.5ರ ದ್ರಾವಣವಾಗುತ್ತದೆ. ಹಿಡಿಕೆಯನ್ನು ಮೊದಲು ಸಾಬೂನು ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಬೇಕು; ಏಕೆಂದರೆ ರಕ್ತ ಮತ್ತು ನೊರೆ ಅಂಟಿಕೊಂಡಿದ್ದರೆ ಕ್ಲೋರಿನ್ ಅದರ ಮೇಲೆಯೇ ಖರ್ಚಾಗಿ ಒಳಗಿನ ವೈರಸ್ಸಿಗೆ ತಲುಪುವುದಿಲ್ಲ. ಆಮೇಲೆ ಅರ್ಧ ಗಂಟೆ ಮುಳುಗಿಸಿ, ಶುದ್ಧ ನೀರಿನಲ್ಲಿ ತೊಳೆದು ಒರೆಸಬೇಕು, ಇಲ್ಲದಿದ್ದರೆ ಲೋಹ ತುಕ್ಕು ಹಿಡಿಯುತ್ತದೆ. ದ್ರಾವಣವನ್ನು ದಿನಾ ಹೊಸದಾಗಿ ಮಾಡಿಕೊಂಡು ನೆರಳಿನಲ್ಲಿ ಮುಚ್ಚಿಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 42, 43 ಡಿಗ್ರಿ ಮುಟ್ಟುವಾಗ ತೆರೆದಿಟ್ಟ ನೀರಿನಲ್ಲಿ ವಾಸನೆ ಉಳಿಯುತ್ತದೆಯೇ ಹೊರತು ಶಕ್ತಿ ಉಳಿಯುವುದಿಲ್ಲ. ತೊಳೆದ ಹಿಡಿಕೆಗಳನ್ನು 20 ನಿಮಿಷ ಕುದಿಸಿದರೂ ನಡೆಯುತ್ತದೆ; ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮನೆಯ ಒಲೆಯ ಮೇಲೆ ಮಾಡಬಹುದಾದ ಕೆಲಸ ಅದು.

ದೊಡ್ಡ ಸಲೂನುಗಳಲ್ಲಿ ನೀಲಿ ದೀಪದ ಪೆಟ್ಟಿಗೆಯೊಂದು ಇರುತ್ತದೆ. ಬೆಳಕು ನೇರವಾಗಿ ಬಿದ್ದ ಜಾಗಕ್ಕಷ್ಟೇ ಅದರ ಪ್ರಭಾವ. ಕತ್ತರಿಯ ಅಡಿಭಾಗಕ್ಕೂ ಹಿಡಿಕೆಯ ಸಂದಿಗೂ ಅದು ತಲುಪುವುದಿಲ್ಲ. ತೊಳೆದದ್ದನ್ನು ಸ್ವಚ್ಛವಾಗಿ ಇಡಲು ಒಳ್ಳೆಯದು, ತೊಳೆಯುವುದಕ್ಕೆ ಬದಲಿಯಲ್ಲ.

ಬಳಸಿದ ಬ್ಲೇಡುಗಳನ್ನು ಕೂದಲಿನ ಜೊತೆ ಗುಡಿಸಿ ಚೀಲಕ್ಕೆ ತುಂಬಿದರೆ ಮರುದಿನ ಪೌರಕಾರ್ಮಿಕರ ಕೈ ಕುಯ್ಯುತ್ತದೆ. ಮುಚ್ಚಳಕ್ಕೆ ಸೀಳು ಮಾಡಿದ ದಪ್ಪ ಪ್ಲಾಸ್ಟಿಕ್ ಡಬ್ಬಿ ಸಾಕು.

ಬಸವಕಲ್ಯಾಣದ ತಾಯಿ:

ನನ್ನದು ಇದಕ್ಕೆ ಹತ್ತಿರದ ಪ್ರಶ್ನೆ. ನಮ್ಮ ಮಗನಿಗೆ ಹನ್ನೊಂದು ತಿಂಗಳು. ಮುಂದಿನ ತಿಂಗಳು ಮನೆದೇವರ ಜಾತ್ರೆಯಲ್ಲಿ ಜವಳ ತೆಗೆಸಬೇಕೆಂದು ಅತ್ತೆಯವರು ಹೇಳಿದ್ದಾರೆ. ಅಲ್ಲಿ ಸಾಲಾಗಿ ಮಕ್ಕಳನ್ನು ಕೂರಿಸಿ ಒಬ್ಬರ ಹಿಂದೆ ಒಬ್ಬರಿಗೆ ಬೋಳಿಸುತ್ತಾರೆ. ಮೇಲಿನ ಲೆಕ್ಕ ಓದಿದ ಮೇಲೆ ಭಯವಾಗಿದೆ.

ನಿವೃತ್ತ ಆರೋಗ್ಯ ನಿರೀಕ್ಷಕ, ಬೀದರ್:

ತಂಗಿ, ನೀವು ಸರಿಯಾದ ಜಾಗದಲ್ಲಿಯೇ ಕೈ ಇಟ್ಟಿರಿ. ದಾಡಿಗಿಂತ ಜವಳದ ಬಗ್ಗೆ ನನಗೆ ಹೆಚ್ಚು ಚಿಂತೆ, ಏಕೆಂದರೆ ಮಗುವಿನ ನೆತ್ತಿಯ ಚರ್ಮ ತೆಳು, ಮಗು ಅಳುತ್ತ ತಲೆ ಅಲ್ಲಾಡಿಸುತ್ತದೆ, ಸಣ್ಣ ಗೀರು ಬೀಳದೆ ಮುಗಿಯುವುದು ಅಪರೂಪ. ಮತ್ತು ಆ ವಯಸ್ಸಿನಲ್ಲಿ ತಗಲಿದರೆ ಅದು ಹೆಚ್ಚಿನ ಮಕ್ಕಳಲ್ಲಿ ಬಿಟ್ಟುಹೋಗುವುದಿಲ್ಲ. ನಿಮ್ಮ ಮಗನ ತಾಯಿ ಕಾರ್ಡ್ ತೆಗೆದು ನೋಡಿರಿ. ಹುಟ್ಟಿದ 24 ಗಂಟೆಯೊಳಗಿನ ಹೆಪಟೈಟಿಸ್ ಬಿ ಡೋಸ್, ಆಮೇಲೆ 6, 10 ಮತ್ತು 14ನೆಯ ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್ (ಹೆಪಟೈಟಿಸ್ ಬಿ ಸೇರಿ ಐದು ರೋಗಗಳ ಲಸಿಕೆ) ಎಲ್ಲವೂ ಆಗಿದ್ದರೆ ಈ ರೋಗದ ಮಟ್ಟಿಗೆ ಮಗುವಿಗೆ ಒಳ್ಳೆಯ ರಕ್ಷಣೆಯಿದೆ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲದ ಕಾರಣ, ಹೊಸ ಬ್ಲೇಡಿನ ಪೊಟ್ಟಣವನ್ನೂ ಸಾಧ್ಯವಾದರೆ ಒಂದು ಹೊಸ ಹಿಡಿಕೆಯನ್ನೂ ನೀವೇ ಒಯ್ಯಿರಿ. ಟ್ರಿಮ್ಮರಿನಿಂದ ತೆಗೆಸಿ, ಕೊನೆಯ ಸ್ವಲ್ಪ ಕೂದಲನ್ನು ಹಾಗೆಯೇ ಬಿಟ್ಟರೂ ದೇವರು ಕೋಪಿಸಿಕೊಳ್ಳುವುದಿಲ್ಲ. ಅತ್ತೆಯವರನ್ನು ಒಪ್ಪಿಸುವುದು ನಿಮಗೆ ಬಿಟ್ಟದ್ದು.

ಹೆಪಟೈಟಿಸ್ ಬಿ ಲಸಿಕೆ ನಮ್ಮ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಪ್ರಾಯೋಗಿಕವಾಗಿ ಬಂದದ್ದು 2002ರಲ್ಲಿ, ಎಲ್ಲ ರಾಜ್ಯಗಳಿಗೆ ತಲುಪಿದ್ದು 2011ರ ಹೊತ್ತಿಗೆ. ಮಾಸ್ತರರ ಅಣ್ಣನವರ ಪೀಳಿಗೆಗೆ ಇದರ ಹೆಸರೂ ಗೊತ್ತಿರಲಿಲ್ಲ. ಮೇಡಂ ಹೇಳಿದ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಆರೋಗ್ಯ ಸಿಬ್ಬಂದಿಗೆ ಲಸಿಕೆ ಉಚಿತ. ದಿನವಿಡೀ ಅಲಗು ಹಿಡಿಯುವ ಕ್ಷೌರಿಕರನ್ನೂ ಆ ಸಾಲಿಗೆ ಸೇರಿಸಬೇಕೆಂಬುದು ನನ್ನ ಅಭಿಪ್ರಾಯ.

ಶಹಾಪುರದ ಮಾಸ್ತರ:

ಆರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರ ಪರೀಕ್ಷೆಯೂ ಆಯಿತು. ಪ್ರಯೋಗಾಲಯದ ಮೇಡಂ ಅವರ ಅನುಮಾನವೇ ನಿಜವೆಂದು ಕಾಣುತ್ತದೆ: ಅವ್ವನಿಗೂ ಸೋಂಕಿದೆ, ನಮ್ಮ ತಂಗಿಗೂ ಇದೆ. ನನಗೆ, ವೈನಿಗೆ ಮತ್ತು ಮಕ್ಕಳಿಗೆ ಇಲ್ಲ. ನಾನೂ ವೈನಿಯೂ ಎರಡು ಡೋಸ್ ಹಾಕಿಸಿಕೊಂಡಿದ್ದೇವೆ. ತಂಗಿ ಈಗ ಆರು ತಿಂಗಳ ಬಸುರಿ. ಹೆರಿಗೆಯಾದ 12 ಗಂಟೆಯೊಳಗೆ ಮಗುವಿಗೆ ಲಸಿಕೆಯ ಜೊತೆ ಇಮ್ಯುನೊಗ್ಲೋಬ್ಯುಲಿನ್ (ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದನ್ನೂ ಕೊಡಬೇಕೆಂದು, ಅದಕ್ಕಾಗಿ ಹೆರಿಗೆ ದೊಡ್ಡ ಆಸ್ಪತ್ರೆಯಲ್ಲಿಯೇ ಆಗಬೇಕೆಂದು ವೈದ್ಯರು ಹೇಳಿದ್ದಾರೆ. ಅಣ್ಣನಿಗೆ ಸದ್ಯಕ್ಕೆ ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು ಎಂದಿದ್ದಾರೆ. ಅವ್ವ ಈಗ ತನ್ನ ತಾಟನ್ನೇ ಬೇರೆ ಇಟ್ಟುಕೊಳ್ಳಲು ಹೊರಟಿದ್ದಾಳೆ, ದಿನಾ ಬಿಡಿಸಿ ಹೇಳುತ್ತಿದ್ದೇನೆ.

ಓಣಿಯ ಅಂಗಡಿಗೂ ಹೋಗಿದ್ದೆ. ನಾನು ಹೇಳುವುದನ್ನೆಲ್ಲ ಕೇಳಿ ಅವರು ಏನೂ ಅನ್ನಲಿಲ್ಲ, ಕುರ್ಚಿ ಒರೆಸಿ ಕೂರಿಸಿದರು. ಹಿಡಿಕೆಯ ವಿಷಯ ಮತ್ತು ಬ್ಲೀಚಿಂಗ್ ಪುಡಿಯ ಲೆಕ್ಕವನ್ನು ಕಾಗದದ ಮೇಲೆ ಬರೆದುಕೊಟ್ಟೆ. ಹೊರಡುವಾಗ ಮಾತ್ರ, ನಿಮ್ಮ ಅಣ್ಣನವರ ದಾಡಿ ಮಾಡುವಾಗ ಎಷ್ಟೋ ಸಲ ನನ್ನ ಬೆರಳು ಕೊಯ್ದಿದೆ, ನಾನೂ ಪರೀಕ್ಷೆ ಮಾಡಿಸಬೇಕೇ ಎಂದು ಕೇಳಿದರು. ಏನು ಹೇಳಲಿ?

ಹಡಪದ ಕಾಯಕದವನು, ಕಲಬುರಗಿ:

ಮಾಡಿಸಲಿ ಮಾಸ್ತರರೇ, ನಾನೂ ಮಾಡಿಸಿಕೊಂಡು ಲಸಿಕೆ ಹಾಕಿಸಿಕೊಂಡವನೇ. ಅಂಗಡಿ ರಜೆ ಇರುವ ದಿನ ಬೆಳಿಗ್ಗೆಯೇ ತಾಲ್ಲೂಕು ಆಸ್ಪತ್ರೆಗೆ ನೀವೇ ಜೊತೆಯಲ್ಲಿ ಹೋಗಿರಿ, ಒಬ್ಬರೇ ಹೋಗಲು ಅವರು ಹಿಂಜರಿಯಬಹುದು. ಸೋಂಕು ಇಲ್ಲವೆಂದು ಬಂದರೆ ಅವತ್ತೇ ಮೊದಲ ಡೋಸ್ ಹಾಕಿಸಿರಿ. ಇದೆ ಎಂದು ಬಂದರೂ ಬೆರಳಿನ ಗಾಯಕ್ಕೆ ಪಟ್ಟಿ ಸುತ್ತಿಕೊಂಡು ಕೆಲಸ ಮಾಡಬಹುದು, ಅಂಗಡಿ ಮುಚ್ಚಬೇಕಾಗಿಲ್ಲ. ಫಲಿತಾಂಶ ಏನೇ ಇರಲಿ, ಈ ಸಲ ಓಣಿಯಲ್ಲಿ ಯಾರ ಮುಂದೆಯೂ ಹೇಳಬೇಡಿರಿ.